ವಾಸ್ಕೋದಲ್ಲಿ ದೀಕ್ಷಾಸ್ನಾನ, ಊರಲ್ಲಿ ಜಾತಿ ಪ್ರಮಾಣಪತ್ರ

ವಾಸ್ಕೋದ ಬೈನಾ, ಮಂಗೋರ್ ಹಿಲ್, ಅತ್ತ ಜುವಾರಿನಗರ: ಈ ಓಣಿಗಳಲ್ಲಿ ಕಿವಿಗೆ ಬೀಳುವುದು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಯ ಕನ್ನಡ. ಬಂದರು, ಕಟ್ಟಡ ಕೆಲಸ, ಮನೆಗೆಲಸ, ಮೀನು ಮಾರಾಟ ನಂಬಿ ಬಂದ ಎರಡು ಮೂರು ತಲೆಮಾರು ಇಲ್ಲಿದೆ. ವಾಸ್ಕೋದ ನಡುವೆ ಸೇಂಟ್ ಆಂಡ್ರ್ಯೂ ಇಗರ್ಜಿ ಇದೆ. ಬಾಡಿಗೆ ಖೋಲಿಗಳಲ್ಲಿ ಸೇರುವ ಸಣ್ಣಸಣ್ಣ ಪ್ರಾರ್ಥನಾ ಸಭೆಗಳೂ ಇವೆ. ಯೇಸುವನ್ನು ನಂಬಬೇಕೋ ಬೇಡವೋ ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟ ವಿಚಾರ, ಆ ಬಗ್ಗೆ ಈ ಲೇಖನ ಏನೂ ಹೇಳುವುದಿಲ್ಲ. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆಗಳಿವೆಯಲ್ಲ, "ಡಿಸಿ ಆಫೀಸಿಗೆ ಅರ್ಜಿ ಕೊಡಬೇಕೇನ್ರಿ? ಮಗಳ ಜಾತಿ ಸರ್ಟಿಫಿಕೇಟ್ ಏನಾಗ್ತದ? ಊರಾಗಿನ ಹೊಲದಾಗ ಪಾಲು ಸಿಗ್ತದೋ ಇಲ್ಲೋ?" ಇವುಗಳಿಗೆ ಕಾನೂನಿನಲ್ಲಿ ಉತ್ತರ ಇದೆ. ತೊಂದರೆ ಏನೆಂದರೆ, ಆ ಉತ್ತರ ವಾಸ್ಕೋದಲ್ಲಿ ಒಂದು, ಊರಿನಲ್ಲಿ ಇನ್ನೊಂದು.

ಮೊದಲು ಎಲ್ಲ ಕಡೆಗೂ ಒಂದೇ ಆಗಿರುವುದನ್ನು ಹೇಳಿಬಿಡೋಣ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ನಂಬಬಹುದು, ನಂಬಿದ್ದನ್ನು ಆಚರಿಸಬಹುದು, ಇನ್ನೊಬ್ಬರಿಗೆ ತಿಳಿಸಿ ಹೇಳಬಹುದು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬರಬಾರದು, ಅಷ್ಟೆ. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಪ್ರಚಾರ ಮಾಡುವ ಹಕ್ಕಿದೆ ಎಂದ ಮಾತ್ರಕ್ಕೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಿದೆ ಎಂದಾಗುವುದಿಲ್ಲ. ಈ ತೀರ್ಪನ್ನು ಮತಾಂತರದ ವಿರುದ್ಧದ ತೀರ್ಪೆಂದೇ ಹಲವರು ಓದುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ತೀರ್ಮಾನ ಪಾಸ್ಟರ್ ಅವರದಲ್ಲ, ಫಾದರ್ ಅವರದಲ್ಲ, ನಿಮ್ಮದು. ನಲವತ್ತು ವರ್ಷಗಳ ನಂತರ, 2018ರಲ್ಲಿ, ಕೇರಳದ ಹಾದಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಯಸ್ಕರ ಧರ್ಮದ ಆಯ್ಕೆಯಲ್ಲಿ ಹೆತ್ತವರಿಗೂ ಸರ್ಕಾರಕ್ಕೂ ಕೈಹಾಕುವ ಅಧಿಕಾರವಿಲ್ಲ ಎಂದಿತು.

ಗೋವಾದಲ್ಲಿ ಮತಾಂತರಕ್ಕೆಂದೇ ಪ್ರತ್ಯೇಕ ಕಾಯ್ದೆ ಇದುವರೆಗೆ ಇಲ್ಲ. ತರಬೇಕೆಂಬ ಮಾತು ಕೇಳಿಬಂದಿದೆ. ಹಾಗಾಗಿ ವಾಸ್ಕೋದಲ್ಲಿ ದೀಕ್ಷಾಸ್ನಾನ ಪಡೆಯಲು ಯಾವ ಕಚೇರಿಯ ಅನುಮತಿಯೂ ಬೇಡ. ಹಾಗೆಂದು ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಇದೆ, ಬೇಕೆಂದೇ ಇನ್ನೊಬ್ಬರ ಧರ್ಮವನ್ನು ಅವಮಾನಿಸಿದರೆ 299 ಇದೆ. ಪ್ರಾರ್ಥನೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಟ್ಟರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆ ಇದೆ. ಗೋವಾ ಪೊಲೀಸರು ಈ ಹಳೆಯ ಕಾಯ್ದೆಯನ್ನು ಬಳಸಿದ್ದೂ ಉಂಟು. ಇನ್ನೊಂದು ಕಡೆಯಿಂದ, ಶಾಂತವಾಗಿ ನಡೆಯುತ್ತಿರುವ ಸಭೆಗೆ ನುಗ್ಗಿ ಗಲಾಟೆ ಮಾಡುವುದೂ ಅಪರಾಧವೇ, ಕಲಂ 300. ಧ್ವನಿವರ್ಧಕದ ವಿಷಯದಲ್ಲಿ ಮಾತ್ರ ಯಾರೂ ಹಕ್ಕಿನ ಮಾತಾಡುವಂತಿಲ್ಲ: ಚೆನ್ನೈನ ಒಂದು ಚರ್ಚಿನದೇ ಪ್ರಕರಣದಲ್ಲಿ, 2000ದಲ್ಲಿ, ಮೈಕ್ ಹಚ್ಚಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಇನ್ನು ಊರಿನ ಕಥೆ. ವಾಸ್ಕೋದಿಂದ ರೈಲು ಹತ್ತಿ ಘಟ್ಟ ದಾಟಿದರೆ ಕಾನೂನೇ ಬೇರೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಪ್ರಕಾರ ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಸಲ್ಲಿಸಬೇಕು; ಮತಾಂತರ ಮಾಡಿಸುವವರೂ ನೋಟಿಸು ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ 3ರಿಂದ 5 ವರ್ಷ ಜೈಲು. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಾದರೆ 10 ವರ್ಷದವರೆಗೆ. ದೂರು ಕೊಡಲು ಅಪ್ಪ ಅಮ್ಮನೇ ಆಗಬೇಕಿಲ್ಲ, ಸಹೋದ್ಯೋಗಿಯೂ ಕೊಡಬಹುದು. ಹಿಂದಿನ ಧರ್ಮಕ್ಕೇ ಮರಳಿದರೆ ಮಾತ್ರ ಅದನ್ನು ಮತಾಂತರ ಎಂದು ಪರಿಗಣಿಸುವುದಿಲ್ಲ. ಈ ಒಂದು ವಿನಾಯಿತಿಯೇ ಕಾಯ್ದೆ ಯಾವ ಕಡೆ ವಾಲಿದೆ ಎಂಬುದನ್ನು ತೋರಿಸುತ್ತದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. "ರದ್ದಾಗಿದೆಯಂತೆ" ಎಂದು ಓಣಿಯಲ್ಲಿ ಹೇಳುವುದು ಇದನ್ನೇ ಕೇಳಿ. ಆದರೆ ಸಂಪುಟದ ತೀರ್ಮಾನವೊಂದರಿಂದಲೇ ಕಾಯ್ದೆ ಹೋಗುವುದಿಲ್ಲ, ಸದನದಲ್ಲಿ ವಿಧೇಯಕ ಪಾಸಾಗಬೇಕು. ಜಾತ್ರೆಗೆ ಹೋದಾಗ ಊರಿನ ಹೊಳೆಯಲ್ಲೇ ದೀಕ್ಷಾಸ್ನಾನ ಆಗಿಬಿಡಲಿ ಎನ್ನುವವರು ಮೊದಲು ವಕೀಲರ ಬಳಿ ಕಾಯ್ದೆಯ ಈಗಿನ ಸ್ಥಿತಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆ ಕಾಯ್ದೆ ಅನ್ವಯಿಸುವುದು ಕರ್ನಾಟಕದೊಳಗೆ ನಡೆಯುವುದಕ್ಕೆ.

ನಿಜವಾದ ತೊಡಕು ಜಾತಿ ಪ್ರಮಾಣಪತ್ರದ್ದು. ಇದನ್ನು ಸಭೆಯಲ್ಲಿ ಯಾರೂ ಹೇಳುವುದಿಲ್ಲ, ಹೇಳಿದರೂ ಅರ್ಧ ಹೇಳುತ್ತಾರೆ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಪರಿಶಿಷ್ಟ ಜಾತಿಯವರಲ್ಲ. ಸಿಖ್ಖರು ಸೇರಿದ್ದು 1956ರಲ್ಲಿ, ಬೌದ್ಧರು 1990ರಲ್ಲಿ. ಕ್ರೈಸ್ತರನ್ನೂ ಸೇರಿಸಬೇಕೆಂಬ ಬೇಡಿಕೆ ಹಳೆಯದು. ಅದನ್ನು ಪರಿಶೀಲಿಸಲು ಕೇಂದ್ರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಆಯೋಗ ರಚಿಸಿತು. ಮಾದಿಗ, ಹೊಲೆಯ, ಬೋವಿ, ಲಂಬಾಣಿ ಕುಟುಂಬಗಳಿಗೆ ಇದು ಕಾಗದದ ಮಾತಲ್ಲ, ಮಕ್ಕಳ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ನೌಕರಿಯ ಮಾತು.

2024ರ ನವೆಂಬರ್‌ನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇಲ್ಲಿ ನೆನೆಯಬೇಕು. ತಂದೆ ಹಿಂದೂ, ತಾಯಿ ಕ್ರೈಸ್ತರು. ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು, ಇಗರ್ಜಿಗೆ ತಪ್ಪದೆ ಹೋಗುತ್ತಿದ್ದರು. ಗುಮಾಸ್ತೆ ಹುದ್ದೆಗೆ ಮಾತ್ರ ತಾನು ಹಿಂದೂ, ಪರಿಶಿಷ್ಟ ಜಾತಿ ಎಂದು ಪ್ರಮಾಣಪತ್ರ ಕೇಳಿದರು. ನ್ಯಾಯಾಲಯ ಅದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ಇದರಿಂದ ತಿಳಿಯಬೇಕಾದ್ದು ಸರಳ: ಸರ್ಕಾರದ ಬಳಿ ನಿಮ್ಮ ಧರ್ಮದ ರಿಜಿಸ್ಟರ್ ಇಲ್ಲದಿರಬಹುದು, ಚರ್ಚಿನ ಬಳಿ ಇದೆ, ಅದು ಸಾಕ್ಷ್ಯವಾಗುತ್ತದೆ. ಎರಡೂ ಕಡೆ ಕಾಲಿಟ್ಟು ಪಡೆದ ಪ್ರಮಾಣಪತ್ರ ಮುಂದೊಂದು ದಿನ ರದ್ದಾದರೆ ಅದರ ಮೇಲೆ ಸಿಕ್ಕ ನೌಕರಿಯೂ ಹೋಗುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಕ್ರೈಸ್ತರಾದ ಪರಿಶಿಷ್ಟ ಜಾತಿಯವರಿಗೆ ಸಿಗದು ಎಂದು ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ ಹೇಳಿದೆ. ಜಾತಿಯ ಬೈಗುಳ ಮಾತ್ರ ಶಿಲುಬೆ ನೋಡಿ ಹಿಂದೆ ಸರಿಯುವುದಿಲ್ಲ. ಕಾನೂನು ಇದನ್ನು ಕಾಣಬೇಕಿತ್ತು, ಕಂಡಿಲ್ಲ.

ಹಾಗಾದರೆ ಎಲ್ಲವೂ ಹೋಯಿತೇ? ಇಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಬರುತ್ತಾರೆ, ಇತರ ಕ್ರೈಸ್ತರು 3ಬಿಯಲ್ಲಿ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತೇ ಇಲ್ಲ: ವಾಲ್ಮೀಕಿ ನಾಯಕರು ಕ್ರೈಸ್ತರಾದರೂ ಆ ಒಂದೇ ಕಾರಣಕ್ಕೆ ಪಂಗಡದ ಸ್ಥಾನಮಾನ ಹೋಗದು; ಸಮುದಾಯದ ನಡೆನುಡಿ ಉಳಿಸಿಕೊಂಡಿದ್ದಾರೆಯೇ ಎಂದು ನೋಡುತ್ತಾರೆ. ಮರಳಿ ಬಂದವರಿಗೂ ದಾರಿಯಿದೆ. 2015ರ ಕೆ.ಪಿ. ಮನು ತೀರ್ಪಿನಂತೆ ಮೂರು ಸಂಗತಿ ತೋರಿಸಬೇಕು: ಮೂಲದಲ್ಲಿ ಆ ಜಾತಿಯವರು, ನಿಜಕ್ಕೂ ಮರಳಿದ್ದಾರೆ, ಜಾತಿಯವರು ಒಪ್ಪಿಕೊಂಡಿದ್ದಾರೆ. ಇನ್ನೊಂದು ಮಾತು, ಮತಾಂತರಕ್ಕೆ ಸಂಬಂಧವಿಲ್ಲದಿದ್ದರೂ ವಾಸ್ಕೋದವರು ಪದೇಪದೇ ಎಡವುವುದು ಇಲ್ಲೇ: ಪರಿಶಿಷ್ಟರ ಪಟ್ಟಿ ಆಯಾ ರಾಜ್ಯದ್ದು. ಕರ್ನಾಟಕದ ಲಂಬಾಣಿ ಪ್ರಮಾಣಪತ್ರ ತೋರಿಸಿ ಗೋವಾ ಸರ್ಕಾರದ ಮೀಸಲು ಕೇಳಲಾಗದು.

ಹೊಲದ ಪಾಲಿನ ಬಗ್ಗೆ ಅಣ್ಣತಮ್ಮಂದಿರು ಹೇಳಿದ್ದನ್ನು ನಂಬಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮತಾಂತರವಾದ ಮಗ ಅಥವಾ ಮಗಳ ಹಕ್ಕು ಕಳೆಯುವ ಕಲಂ ಇಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್, ಅಂದರೆ ಗೋವಾಕ್ಕೂ ಹೈಕೋರ್ಟ್ ಆಗಿರುವ ನ್ಯಾಯಾಲಯ, ಇಸ್ಲಾಂ ಸ್ವೀಕರಿಸಿದ ಮಗಳಿಗೂ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಪಾಲಿದೆ ಎಂದಿತು. ತೊಡಕಿರುವುದು 26ನೇ ಕಲಮಿನಲ್ಲಿ: ಮತಾಂತರದ ನಂತರ ಹುಟ್ಟಿದ ಮಕ್ಕಳು, ಆಸ್ತಿ ಇಳಿದುಬರುವ ಹೊತ್ತಿಗೆ ತಾವೇ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಲ್ಲ.

ಮದುವೆಯೂ ತಾನಾಗಿ ಮುರಿಯುವುದಿಲ್ಲ. ಗಂಡ ಕ್ರೈಸ್ತನಾದ ಎಂಬ ಕಾರಣಕ್ಕೆ ಹೆಂಡತಿ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೇಳಬಹುದು, ಕೇಳದಿದ್ದರೆ ಮದುವೆ ಇದ್ದೇ ಇರುತ್ತದೆ. ಇನ್ನು ಕನ್ನಡದ ಹುಡುಗಿ, ಗೋವಾದ ಕೆಥೋಲಿಕ್ ಹುಡುಗ ಎಂಬ ಮನೆಮನೆಯ ಪ್ರಶ್ನೆ. ಗೋವಾದಲ್ಲಿ 1910ರ ಪೋರ್ಚುಗೀಸ್ ಕಾಲದ ಕಾನೂನಿನಿಂದಲೇ ಮದುವೆ ಎಂದರೆ ಸಿವಿಲ್ ರಿಜಿಸ್ಟ್ರಾರ್ ಮುಂದಿನ ಒಪ್ಪಂದ. ಧರ್ಮ ಬೇರೆಯಾದರೂ ಅಲ್ಲಿ ಸಹಿ ಹಾಕಬಹುದು. ಮದುವೆಗೋಸ್ಕರ ದೀಕ್ಷೆ ಪಡೆಯಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಚರ್ಚಿನ ಕಾನೂನೂ ಹೇಳುವುದಿಲ್ಲ. ಬಿಷಪ್ ಕಡೆಯಿಂದ ವಿಶೇಷ ಅನುಮತಿ ಪಡೆದು ಅನ್ಯಧರ್ಮೀಯರನ್ನು ಇಗರ್ಜಿಯಲ್ಲಿ ಮದುವೆಯಾಗುವ ಅವಕಾಶ ಅದರಲ್ಲೇ ಇದೆ. ಬಲವಂತದಿಂದ ಯಾರನ್ನೂ ಕೆಥೋಲಿಕ್ ವಿಶ್ವಾಸಕ್ಕೆ ತರಕೂಡದು ಎಂದು 1983ರ ಕ್ಯಾನನ್ ಸಂಹಿತೆಯೂ ಬರೆದಿಟ್ಟಿದೆ. ಪೋರ್ಚುಗೀಸ್ ಕಾಲದ ಇಂಕ್ವಿಸಿಷನ್, ಅಂದರೆ ಚರ್ಚಿನ ಮತವಿಚಾರಣೆ, ಕಂಡ ನೆಲದಲ್ಲಿ ಇದನ್ನು ಓದುವಾಗ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಕಾನ್ವೆಂಟ್ ಶಾಲೆಯ ಪ್ರಾರ್ಥನೆ ಬಗ್ಗೆಯೂ ಕೇಳುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು ಸ್ವೀಕೃತಿ ಪಡೆದರೆ ಸಾಕು.

ಹೆಸರು ಬದಲಿಸಲೇಬೇಕೇ? ಬೇಡ. ಲಕ್ಷ್ಮಿಯಾಗಿಯೇ ಕ್ರೈಸ್ತರಾಗಿರಬಹುದು. ಆಧಾರ್‌ನಲ್ಲಿ ಧರ್ಮದ ಕಾಲಂ ಇಲ್ಲ. ಸುಮ್ಮನೆ ಹೆಸರು ಬದಲಿಸಿ ಶಾಲಾ ದಾಖಲೆ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮೂರೂ ಮೂರು ಹೆಸರಿನಲ್ಲಿ ಉಳಿದು ಪೇಚಾಡುವುದಕ್ಕಿಂತ ಹಳೆಯ ಹೆಸರೇ ಲೇಸು.

ಕಡೆಯದಾಗಿ, ಬೇಡ ಎನ್ನುವವರ ಹಕ್ಕು. ಪ್ರಾರ್ಥನೆಗೆ ನಾಲ್ಕು ವಾರ ಹೋಗಿ ಬಿಟ್ಟವರು, ದೀಕ್ಷೆಯಾಗಿ ಹೊರಬಂದವರು, ಹುಟ್ಟಾ ಕ್ರೈಸ್ತರಾಗಿ ನಂಬಿಕೆ ಕಳೆದುಕೊಂಡವರು, ಯಾರೂ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಇದಕ್ಕೆ ಬಾಂಬೆ ಹೈಕೋರ್ಟಿನದೇ 2014ರ ಸೆಪ್ಟೆಂಬರ್‌ನ ಒಂದು ತೀರ್ಪಿದೆ. ಮೂವರು ಅರ್ಜಿದಾರರು, ಯೇಸುವನ್ನು ನಂಬುತ್ತೇವೆ, ಆದರೆ ಕ್ರೈಸ್ತ ಧರ್ಮವನ್ನಾಗಲಿ ಬೇರಾವ ಧರ್ಮವನ್ನಾಗಲಿ ಅಲ್ಲ ಎನ್ನುವವರು. ತಾವು ಕ್ರೈಸ್ತರಲ್ಲ ಎಂದು ರಾಜ್ಯಪತ್ರದಲ್ಲಿ ಪ್ರಕಟಿಸಲು ಕೇಳಿದರು, ಸರ್ಕಾರಿ ಮುದ್ರಣಾಲಯ ಒಪ್ಪಲಿಲ್ಲ. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವುದೂ 25ನೇ ವಿಧಿಯ ಹಕ್ಕೇ, ಅರ್ಜಿ ನಮೂನೆಯಲ್ಲಿ ಧರ್ಮ ಬರೆಯಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ವಾಸ್ಕೋದ ಯಾವ ಕಚೇರಿಯಲ್ಲಾದರೂ ನಿಮ್ಮ ಮುಂದೆ ಆ ಕಾಲಂ ಬಂದರೆ "ಧರ್ಮವಿಲ್ಲ" ಎಂದು ಬರೆಯಬಹುದು.

ಬೆದರಿಕೆ ಬಂದರೆ 112ಕ್ಕೆ ಕರೆ ಮಾಡಿ. ಎಫ್ಐಆರ್ ದಾಖಲಾದರೆ ಅದರ ಪ್ರತಿ ದೂರುದಾರರಿಗೆ ಉಚಿತ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ, ಅಥವಾ ಮಡಗಾಂವ್‌ನ ದಕ್ಷಿಣ ಗೋವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಹೋಗುವಾಗ ಊರಿನ ಜಾತಿ ಪ್ರಮಾಣಪತ್ರದ ಪ್ರತಿ, ದೀಕ್ಷೆಯಾಗಿದ್ದರೆ ಅದರ ದಿನಾಂಕ ಇರುವ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ ಜೊತೆಗಿರಲಿ.