ಹೊಲಕ್ಕೂ ಮೈಗೂ ಜ್ಯೂಬಿಲಿ



ಜ್ಯೂಬಿಲಿ ಎಂದೊಡನೆ ನಮಗೆ ನೆನಪಾಗುವುದು ಗುರುದೀಕ್ಷೆಯ ಬೆಳ್ಳಿಹಬ್ಬ, ಮದುವೆಯ ಸುವರ್ಣೋತ್ಸವ, ಚಪ್ಪರ, ಊಟ. ಪೋಪ್ ಫ್ರಾನ್ಸಿಸರು 2024ರ ಡಿಸೆಂಬರ್ 24ರಂದು ರೋಮಿನಲ್ಲಿ ಪವಿತ್ರ ದ್ವಾರ ತೆರೆದು ಆರಂಭಿಸಿದ ಜ್ಯೂಬಿಲಿ ವರ್ಷದಲ್ಲೂ ಯಾತ್ರೆ, ಪಾಪನಿವೇದನೆಗಳ ಮಾತನ್ನೇ ಹೆಚ್ಚಾಗಿ ಕೇಳಿದೆವು. ಅದು ಸರಿಯೇ. ಆದರೆ ಈ ಪದದ ಬೇರು ಇರುವುದು ಹೊಲದಲ್ಲಿ. ಯಾಜಕಕಾಂಡದ 25ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ರೈತನಿಗೆ ತಿಳಿಯುವಷ್ಟು ಅದು ಪೇಟೆಯವನಿಗೆ ತಿಳಿಯಲಾರದು.

ಅಲ್ಲಿನ ಕಟ್ಟಳೆ ಹೀಗಿದೆ. ಆರು ವರ್ಷ ಬಿತ್ತಿ ಬೆಳೆಯಬಹುದು, ಏಳನೆಯ ವರ್ಷ ನೆಲಕ್ಕೆ ಬಿಡುವು. ಇಂಥ ಏಳು ಸುತ್ತು ಮುಗಿದ ಮೇಲೆ, ಐವತ್ತನೆಯ ವರ್ಷ, ಕೊಂಬು ಊದಿಸಿ ಜ್ಯೂಬಿಲಿ ಸಾರಬೇಕು. ಹೀಬ್ರೂ ಭಾಷೆಯಲ್ಲಿ 'ಯೋಬೇಲ್' ಎಂದರೆ ಟಗರಿನ ಕೊಂಬು. ಆ ವರ್ಷ ಬಿತ್ತನೆಯಿಲ್ಲ. ಮಾರಿಹೋದ ಹೊಲ ಮೂಲ ಮನೆತನಕ್ಕೆ ಮರಳಬೇಕು. ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಿ ಮಕ್ಕಳೊಡನೆ ಮನೆಗೆ ಹೋಗಬೇಕು. ಹೊಲದ ಬೆಲೆಯನ್ನು ಕೂಡ ಮುಂದಿನ ಜ್ಯೂಬಿಲಿಯವರೆಗೆ ಎಷ್ಟು ಬೆಳೆ ಬಾಕಿ ಇವೆ ಎಂದು ಎಣಿಸಿಯೇ ಕಟ್ಟಬೇಕು. ಅಂದರೆ ಮಾರುತ್ತಿದ್ದುದು ಬೆಳೆಯನ್ನು, ಭೂಮಿಯನ್ನಲ್ಲ. ಬೆಳಗಾವಿ, ಧಾರವಾಡದ ಕಡೆ ಹೊಲವನ್ನು ಲಾವಣಿಗೆ ಹಾಕುವ ಕ್ರಮವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಭೂಮಿ ದೇವರದು, ನಾವೆಲ್ಲ ಆತನ ಒಕ್ಕಲುಗಳು. ಗೋವೆಯಲ್ಲಿ ಭತ್ತದ ಗದ್ದೆಯನ್ನು ಕೃಷಿಕರಲ್ಲದವರಿಗೆ ಮಾರುವುದನ್ನು ನಿರ್ಬಂಧಿಸುವ ಕಾಯಿದೆ ಬಂದಿದ್ದು 2023ರಲ್ಲಿ. ಮೋಶೆಯ ಕಾಲದ ಚಿಂತೆ ಇನ್ನೂ ಹಳೆಯದಾಗಿಲ್ಲ.

"ಏಳನೆಯ ವರ್ಷ ಉಣ್ಣುವುದೇನು?" ಎಂಬ ಪ್ರಶ್ನೆಯನ್ನು ಆ ಅಧ್ಯಾಯವೇ ಎತ್ತುತ್ತದೆ. ಆರನೆಯ ವರ್ಷದ ಬೆಳೆಯನ್ನು ದೇವರು ಹರಸುವನು, ಅದು ಮುಂದಕ್ಕೂ ಸಾಲುವುದು ಎಂಬುದು ಉತ್ತರ. ಬಿಡುವು ಬೇಕೆನ್ನುವವನು ಹಗೇವು ತುಂಬಿಟ್ಟುಕೊಂಡಿರಬೇಕೆಂಬ ಬುದ್ಧಿಮಾತೂ ಅದರಲ್ಲಿದೆ. ಇಸ್ರೇಲಿನ ಧರ್ಮನಿಷ್ಠ ರೈತರು ಏಳನೆಯ ವರ್ಷದ ನೇಮವನ್ನು ಇಂದಿಗೂ ಪಾಲಿಸುತ್ತಾರೆ. ಹಿಂದಿನದು 2021-22ರಲ್ಲಿ ಬಂದಿತ್ತು.

ನಮ್ಮ ಗೋವೆಯ ಖಾಜನ್ ಗದ್ದೆಗಳಿಗೆ ಬರೋಣ. ದಿವಾರ್, ಚೋಡಣ್ ದ್ವೀಪಗಳಲ್ಲಿ ನೀವು ನೋಡಿರಬಹುದು. ನದಿಯ ಉಪ್ಪುನೀರು ನುಗ್ಗದಂತೆ ಬದು, ಬದುವಿನಲ್ಲಿ 'ಮಾನಸ್' ಎಂಬ ತೂಬು. ಉಬ್ಬರ ಬಂದಾಗ ತೂಬಿನ ಮರದ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ತೆರೆದುಕೊಂಡು ಒಳಗಿನ ನೀರನ್ನು ಹೊರಕ್ಕೆ ಬಿಡುತ್ತದೆ. ಮಳೆಯ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್‌ನಂಥ ಉಪ್ಪು ತಾಳುವ ಭತ್ತ. ಕೊಯಿಲಾದ ಮೇಲೆ ಅನೇಕ ಕಡೆ ಎರಡನೆಯ ಭತ್ತವಿಲ್ಲ. ಅಳತೆಯಲ್ಲಿ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ. ನೇಗಿಲಿಗೆ ಬಿಡುವು, ನೀರಿಗೆ ಕೆಲಸ. ಯಾವ ಕಾಲೇಜೂ ಇಲ್ಲದ ದಿನಗಳಲ್ಲಿ ಹಿರಿಯರು ಕಟ್ಟಿದ ಏರ್ಪಾಡು ಇದು. ತೂಬಿನ ಬಳಿ ಮೀನು ಹಿಡಿಯುವ ಹಕ್ಕಿನ ಹರಾಜಿನ ಹಣಕ್ಕೆ ಆಸೆಪಟ್ಟು, ಬೇಕೆಂದಾಗ ತೂಬು ತೆರೆದು ಗದ್ದೆ ಕೆಡಿಸುವವರ ಮೇಲಿನ ದೂರು ಮಾತ್ರ ಹೊಸದಲ್ಲ.

ಈಗ ಅನೇಕ ಗದ್ದೆಗಳು ಬೀಳು ಬಿದ್ದಿವೆ. ದುಡಿಯುವ ಕೈಗಳು ಹಡಗಿಗೆ, ಗಲ್ಫಿಗೆ, ಹೋಟೆಲಿಗೆ ಹೋದವು. "ನೆಲ ವಿಶ್ರಾಂತಿ ತೆಗೆದುಕೊಳ್ಳಲಿ ಬಿಡಿ, ಫಾದರ್" ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ. ಬಿಡುವು ಕೊಟ್ಟ ಹೊಲ ಬೇರೆ, ಕೈಬಿಟ್ಟ ಹೊಲ ಬೇರೆ. ಬದು ನೋಡುವವರಿಲ್ಲದಿದ್ದರೆ ಒಂದು ಕಡೆ ಒಡೆಯುತ್ತದೆ, ಉಪ್ಪುನೀರು ನಿಲ್ಲುತ್ತದೆ, ಕಾಂಡ್ಲ ಗಿಡ ಬೆಳೆಯುತ್ತದೆ. ಕೆಡುವುದು ಬಿಟ್ಟವನ ಗದ್ದೆಯೊಂದೇ ಅಲ್ಲ, ಪಕ್ಕದಲ್ಲಿ ಬಿತ್ತಿದವನದೂ ಕೂಡ. ಬೈಬಲಿನ ಬಿಡುವು ಇಡೀ ಊರು ಒಟ್ಟಾಗಿ ಹಿಡಿಯುವ ವ್ರತ. ಹಿಂದೆ ಬದುವಿನ ಕೆಲಸವನ್ನು ಕೊಮುನಿದಾದ್‌ಗಳು ನೋಡುತ್ತಿದ್ದವು. ಈಗ ಅದು ಗೇಣಿದಾರರ ಸಂಘಗಳ ಹೊಣೆ. ನೀವು ಈ ವರ್ಷ ಬಿತ್ತದಿದ್ದರೂ ಸಂಘದ ಸಭೆಗೆ ಹೋಗಿ, ಬದುವಿನ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ.

ಉಪ್ಪುನೀರು ಬಾರದ ಮೇಲುಗದ್ದೆ ಇದ್ದವರು ಭತ್ತದ ನಂತರ, ಮಣ್ಣಿನ ಹಸಿ ಆರುವ ಮೊದಲು, ಅಲಸಂದೆ ಹಾಕಬಹುದು. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಕಾಳು ಮನೆಗೆ, ಬಳ್ಳಿ ದನಕ್ಕೆ, ಬೇರು ನೆಲಕ್ಕೆ. ಹಸಿರೆಲೆ ಗೊಬ್ಬರ ಬೇಕೆನ್ನುವವರು ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಲಿ.

ಇನ್ನು ಮೈಯ ಮಾತು. ಉತ್ತರ ಕರ್ನಾಟಕದಿಂದ ಬಂದ ನಮ್ಮವರಿಗೆ ಗೊತ್ತು, ಅಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗಿರುವ ಈ ರಜೆ ಮನೆಯ ತಾಯಿಗೆ ಇದೆಯೇ? ನಾಟಿಯಲ್ಲಿ ದಿನವಿಡೀ ಬಗ್ಗಿ ನಿಂತವಳು ಮನೆಗೆ ಬಂದು ಒಲೆಯ ಮುಂದೆ ಕೂರುತ್ತಾಳೆ. ಭಾನುವಾರ ಪೂಜೆಗೆ ಬಂದರೂ ಅವಳ ಮನಸ್ಸು ಮೀನಿನ ಸಾರಿನಲ್ಲಿರುತ್ತದೆ. ಏಳನೆಯ ವರ್ಷ ಹೊಲ ತಾನಾಗಿ ಕೊಟ್ಟದ್ದು ಯಾರಿಗೆಲ್ಲ ಸೇರಬೇಕು ಎಂದು ಯಾಜಕಕಾಂಡ ಎಣಿಸುವಾಗ ಒಡೆಯ, ಆಳು, ದಾಸಿ, ಕೂಲಿಯವ, ಪರದೇಶಿ, ದನಕರು, ಕಾಡುಪ್ರಾಣಿಗಳನ್ನು ಒಟ್ಟಿಗೆ ಹೇಳುತ್ತದೆ. ಗಂಡಸರು ಭಾನುವಾರದ ಒಂದು ಹೊತ್ತಿನ ಅಡುಗೆ ಹೊತ್ತರೆ ಆಕಾಶ ಬೀಳುವುದಿಲ್ಲ.

ಕೂಲಿಯವನಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ. ಅದಕ್ಕೇ ಅವನು ಜ್ವರವಿದ್ದರೂ ಕೆಸರಿಗಿಳಿಯುತ್ತಾನೆ. ಮಳೆಗಾಲದಲ್ಲಿ ಇದು ಅಪಾಯ. ಇಲಿಯ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಗುಲಿ ಇಲಿಜ್ವರ ಬರುತ್ತದೆ. ಜೋರು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ಮಾತ್ರೆ ನುಂಗಿ ಕಾಯಬೇಡಿ. ಮೊದಲೇ ಔಷಧಿ ಸಿಕ್ಕರೆ ಗುಣವಾಗುವ ರೋಗ, ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಏಟು. ನಿಮ್ಮ ಗದ್ದೆಯ ಕೂಲಿಯವನಿಗೆ ಹೀಗಾದರೆ ಆ ದಿನದ ಕೂಲಿ ಕೈಗೆ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕೆಸರುಗದ್ದೆಯಲ್ಲಿ ಕೆಲಸ ಮಾಡಿದ್ದಾನೆಂದು ವೈದ್ಯರಿಗೆ ಮೊದಲೇ ತಿಳಿಸಿ.