ಖರೀದಿದಾರರಿಗೆ ನಿಮ್ಮ ತೋಟ ಫೋನಿನಲ್ಲೇ ಸಿಗಲಿ

ರೋಗ, ಗೊಬ್ಬರ, ಮಳೆ ಬಗ್ಗೆ ಫೋನಿನಲ್ಲಿ ಹುಡುಕೋದು ನಮಗೆಲ್ಲ ರೂಢಿ ಆಗ್ಯದ. ಈ ವಾರ ಅದನ್ನೇ ತಿರುಗಿಸಿ ನೋಡೋಣ: ಖರೀದಿದಾರರು ನಮ್ಮನ್ನು ಹುಡುಕಿದರೆ ನಾವು ಸಿಗ್ತೀವೇನು?

ಹೊರ್ತಿ ಭಾಗದಲ್ಲಿ ನನ್ನದು 3 ಎಕರೆ ಲಿಂಬೆ ತೋಟ. ಕೊಯ್ದ ಲಿಂಬೆ ಬಹಳ ದಿನ ಕಾಯೋದಿಲ್ಲ. ಒಬ್ಬನೇ ವ್ಯಾಪಾರಿ ಪರಿಚಯ ಇದ್ದರೆ ಅವನು ಹೇಳಿದ್ದೇ ರೇಟು. ಮೂರು ಮಂದಿ ಕೇಳುವವರಿದ್ದರೆ ನಾವೂ ಬಾಯಿ ಬಿಟ್ಟು ರೇಟು ಮಾತಾಡಬಹುದು. ನಮ್ಮ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಇದೆ. 2025ರ ಆಗಸ್ಟ್‌ನಲ್ಲಿ ಅಪೆಡಾ ನೆರವಿನಿಂದ 3 ಟನ್ ಲಿಂಬೆ ಯುಎಇಗೆ ಹೋಯ್ತು. ಹೆಸರು ದೊಡ್ಡದಾಗ್ಯದ, ಆದರೆ ಬೆಳೆದವನ ನಂಬರ್ ಸಿಗದಿದ್ದರೆ ಲಾಭ ನಡುವಿನವರಿಗೇ.

1. ಒಂದೇ ನಂಬರ್, ಒಂದೇ ಹೆಸರು

ವಾಟ್ಸ್ಆ್ಯಪ್, ಫೇಸ್‌ಬುಕ್, ಗೂಗಲ್ ಮ್ಯಾಪ್, ಎಲ್ಲಾ ಕಡೆ ಒಂದೇ ನಂಬರ್ ಕೊಡ್ರಿ. ಆಫರ್ ಸಿಕ್ತಂತ ಸಿಮ್ ಬದಲಿಸಬ್ಯಾಡ್ರಿ. ಬೇಕಾದರೆ ಅದೇ ನಂಬರ್ ಇಟ್ಕೊಂಡು ಕಂಪನಿ ಪೋರ್ಟ್ ಮಾಡ್ರಿ. ಹೆಸರಿನ ಜೊತೆ ಬೆಳೆ, ಊರು ಸೇರಿಸಿದರೆ ಆ ಕಡೆಯವರ ಫೋನಿನಲ್ಲಿ ಹುಡುಕೋದು ಸುಲಭ.

2. ವಾಟ್ಸ್ಆ್ಯಪ್ ಬಿಸಿನೆಸ್

ಇದು ಉಚಿತ ಆ್ಯಪ್. ಪ್ರೊಫೈಲ್‌ನಲ್ಲಿ ವಿಳಾಸ, ಕರೆ ಮಾಡುವ ಸಮಯ, ಕ್ಯಾಟಲಾಗ್‌ನಲ್ಲಿ ಬೆಳೆಯ ಫೋಟೋ ಹಾಕಬಹುದು. ಒಂದೇ ನಂಬರ್ ಸಾದಾ ವಾಟ್ಸ್ಆ್ಯಪ್ ಮತ್ತು ಬಿಸಿನೆಸ್ ಎರಡರಲ್ಲೂ ಒಟ್ಟಿಗೆ ನಡೆಯೋದಿಲ್ಲ. ಅದಕ್ಕೆ ಮೊದಲು ಚಾಟ್ ಬ್ಯಾಕಪ್ ತಗೊಳ್ರಿ.

ಪರಿಚಯದಲ್ಲಿ ದೊಡ್ಡ ಮಾತು ಬ್ಯಾಡ. ನಾನು ಹಾಕಿದ್ದು ಇಷ್ಟೇ:

"ಇಂಡಿ ಲಿಂಬೆ, 3 ಎಕರೆ. ಹೊರ್ತಿ, ವಿಜಯಪುರ–ಸೋಲಾಪುರ ಹೆದ್ದಾರಿ. ತೋಟದ ತನಕ ಪಿಕಪ್ ಬರ್ತದ, ದೊಡ್ಡ ಲಾರಿ ಬರೋದಿಲ್ಲ. ಕರೆ: ಬೆಳಿಗ್ಗೆ 9ರೊಳಗೆ, ಸಂಜೆ 6ರ ನಂತರ."

ಏನು ಬೆಳೆ, ಎಲ್ಲಿ, ಗಾಡಿ ಹೋಗ್ತದೋ ಇಲ್ಲೋ, ಯಾವಾಗ ಮಾತಾಡಬಹುದು: ವ್ಯಾಪಾರಿಗೆ ಬೇಕಾದ್ದು ಇದೇ. ಸೋಲಾಪುರ ಕಡೆಯವರಿಗೆಲ್ಲ ಕನ್ನಡ ಬರ್ತದಂತ ಹೇಳಲಿಕ್ಕಾಗೋದಿಲ್ಲ, ಹಾಗಾಗಿ ಅದನ್ನೇ ಹಿಂದಿ ಇಲ್ಲವೇ ಮರಾಠಿಯಲ್ಲೂ ಬರೀರಿ. ಕೊಯ್ಲು ಇದ್ದಾಗ ಅವತ್ತಿನ ಮಾಲಿನ ಫೋಟೋ ಸ್ಟೇಟಸ್ ಹಾಕ್ರಿ. ಇಂಟರ್‌ನೆಟ್ಟಿನ ಚಂದದ ಫೋಟೋ ಹಾಕಿದರೆ ಮಾಲು ನೋಡಿದ ದಿನವೇ ನಂಬಿಕೆ ಹೋಗ್ತದ.

3. ಮ್ಯಾಪಿನಲ್ಲಿ ತೋಟ

ತೋಟದ ಗೇಟಿನ ಮುಂದೆ ನಿಂತು ಲೊಕೇಶನ್ ಸೇವ್ ಮಾಡ್ರಿ. ಮನೆಯಲ್ಲಿ ಕೂತು ಕಳಿಸಿದರೆ ಡ್ರೈವರ್ ಊರೊಳಗೆ ಬರ್ತಾನ. ಖರೀದಿದಾರರು ತೋಟಕ್ಕೇ ಬರೋದಿದ್ದರೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನೋಂದಾಯಿಸಿರಿ. ಖಾತ್ರಿ ಮಾಡಿಕೊಳ್ಳಲು ವಿಡಿಯೊ ಕೇಳಬಹುದು. ಇದಕ್ಕೆ ಶುಲ್ಕ ಇಲ್ಲ. "ಗೂಗಲ್‌ನಿಂದ ಮಾತಾಡ್ತೀವಿ, ದುಡ್ಡು ಕಟ್ರಿ" ಅಂದರೆ ಫೋನ್ ಇಟ್ಟುಬಿಡ್ರಿ.

4. ಸರ್ಕಾರಿ ದಾಖಲೆಯಲ್ಲೂ ಹೆಸರಿರಲಿ

ದ್ರಾಕ್ಷಿ ಬೆಳೆದು ಯುರೋಪಿಗೆ ಕಳಿಸಬೇಕೆಂದರೆ ಅಪೆಡಾದ ಹಾರ್ಟಿನೆಟ್ ವ್ಯವಸ್ಥೆಯಲ್ಲಿ ತೋಟದ ನೋಂದಣಿ ಬೇಕು. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸ್ರಿ. ಲಿಂಬೆಯವರು ಜಿಐ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ಅದರ ಅರ್ಜಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಇಂಡಿಯಲ್ಲೇ ಇರುವ ಲಿಂಬೆ ಅಭಿವೃದ್ಧಿ ಮಂಡಳಿಯಲ್ಲಿ ಕೇಳ್ರಿ.

5. ಸಿಗಬೇಕು, ಆದರೆ ಸಿಕ್ಕಿಬೀಳಬಾರದು

ನಂಬರ್ ಎಲ್ಲರಿಗೂ ಕಂಡರೆ ಮೋಸಗಾರರಿಗೂ ಕಾಣ್ತದ. ಆಧಾರ್, ಪಾಸ್‌ಬುಕ್ ಫೋಟೋ ಎಲ್ಲೂ ಹಾಕಬ್ಯಾಡ್ರಿ. "ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತು" ಅಂದರೆ ಅದು ಮೋಸ. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಬೇಕಿಲ್ಲ, ಹೋಗಲಿಕ್ಕೆ ಮಾತ್ರ ಬೇಕು. ಹೊಸಬರಿಗೆ ಮಾಲು ತುಂಬುವ ಮೊದಲು ದುಡ್ಡು ಜಮಾ ಆಗಿದ್ದನ್ನು ಬ್ಯಾಂಕ್ ಆ್ಯಪಿನಲ್ಲೇ ನೋಡ್ರಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ. ಮೋಸ ಆದರೆ ತಡ ಮಾಡದೆ 1930ಕ್ಕೆ ಕರೆ ಮಾಡ್ರಿ.

ಈ ವಾರದ ಕೆಲಸ: ಬೇರೆ ಊರಿನ ಗೆಳೆಯನಿಗೆ ನಿಮ್ಮ ಬೆಳೆ, ಊರಿನ ಹೆಸರು ಮಾತ್ರ ಹೇಳಿ ಗೂಗಲ್ ಮತ್ತು ಫೇಸ್‌ಬುಕ್‌ನಲ್ಲಿ ಹುಡುಕಲಿಕ್ಕೆ ಹಚ್ಚಿರಿ. ಅವನಿಗೆ ನೀವು ಸಿಗದಿದ್ದರೆ ವ್ಯಾಪಾರಿಗೂ ಸಿಗೋದಿಲ್ಲ.