ಕರೆಯೂ ಕಿವಿಯೂ

ಗದಗ ಸೀಮೆಯ ಹಿರೇಹಂದಿಗೋಳದಂತಹ ಊರಿನಲ್ಲಿ ಯಾರಿಗಾದರೂ ಆಪತ್ತು ಒದಗಿದರೆ, ಕೂಗು ಕೇಳಿ ನೆರೆಹೊರೆಯವರು ಓಡಿ ಬರುತ್ತಾರೆ. ಆದರೆ ನಡುಗಡಲಿನಲ್ಲಿ ಕೂಗಿದರೆ ಕೇಳುವವರು ಯಾರು? ದಡವು ಕಣ್ಮರೆಯಾದ ಮೇಲೆ ಹಡಗು ಒಂಟಿಯಾಗುತ್ತಿದ್ದಿತು. ಇಟಲಿಯ ಮಾರ್ಕೋನಿಯು ಬಳಕೆಗೆ ತಂದ ನಿಸ್ತಂತು ವಾರ್ತಾಯಂತ್ರವು ಈ ಒಂಟಿತನವನ್ನು ನೀಗಿಸಿತು.

1909ನೆಯ ಇಸವಿ ಜನವರಿ 22ರಂದು ‘ರಿಪಬ್ಲಿಕ್’ ಎಂಬ ಪ್ರಯಾಣಿಕರ ಹಡಗು ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಸಮುದ್ರದತ್ತ ಹೊರಟಿತು. ಅದರ ಗಾತ್ರ 15,000 ಟನ್ನುಗಳಿಗೂ ಹೆಚ್ಚು. ಮರುದಿನ ಬೆಳಗಿನ ಜಾವ ಅಮೆರಿಕದ ನ್ಯಾಂಟಕೆಟ್ ದ್ವೀಪದ ಬಳಿ ದಟ್ಟವಾದ ಮಂಜು ಕವಿದಿತ್ತು. ಆ ಮಂಜಿನೊಳಗಿನಿಂದ ಬಂದ ‘ಫ್ಲಾರಿಡಾ’ ಎಂಬ ಇಟಲಿಯ ಹಡಗು ರಿಪಬ್ಲಿಕ್‌ನ ಪಕ್ಕಕ್ಕೆ ಅಪ್ಪಳಿಸಿತು. ಯಂತ್ರಾಗಾರಕ್ಕೆ ನೀರು ನುಗ್ಗಿತು, ದೀಪಗಳು ಆರಿದವು.

ನಿಸ್ತಂತು ಕೊಠಡಿಯ ಗೋಡೆಯೂ ಒಡೆದಿತ್ತು. ಆದರೂ ಅಲ್ಲಿದ್ದ ಜ್ಯಾಕ್ ಬಿನ್ಸ್ ಎಂಬ 24 ವರ್ಷದ ತರುಣನು ತನ್ನ ಸ್ಥಾನವನ್ನು ಬಿಡಲಿಲ್ಲ. ವಿದ್ಯುತ್ತು ನಿಂತುಹೋದುದರಿಂದ ಬ್ಯಾಟರಿಗಳ ಬಲದಿಂದಲೇ ‘ಸಿ.ಕ್ಯೂ.ಡಿ.’ ಎಂಬ ಆಪತ್ತಿನ ಸಂಕೇತವನ್ನು ಕಳುಹಿಸಿದನು. ನ್ಯಾಂಟಕೆಟ್ ದ್ವೀಪದ ನಿಸ್ತಂತು ಕೇಂದ್ರವು ಆ ಕ್ಷೀಣ ಕರೆಯನ್ನು ಹಿಡಿದು ಸುತ್ತಲಿನ ಹಡಗುಗಳಿಗೆ ಸಾರಿತು. ‘ಬಾಲ್ಟಿಕ್’ ಹಡಗು ಧಾವಿಸಿ, ಮಂಜಿನಲ್ಲಿ ಗಂಟೆಗಟ್ಟಲೆ ತಡಕಾಡಿ, ಬಿನ್ಸನು ಕಳುಹಿಸುತ್ತಿದ್ದ ಸೂಚನೆಗಳ ನೆರವಿನಿಂದ ಸಂಜೆಗೆ ಸ್ಥಳವನ್ನು ಮುಟ್ಟಿತು. ಡಿಕ್ಕಿಯ ಪೆಟ್ಟಿನಿಂದ ಆರು ಮಂದಿ ಸತ್ತರು. ಎರಡೂ ಹಡಗುಗಳ 1,500ಕ್ಕೂ ಮಿಕ್ಕಿದ ಜನರು ಉಳಿದರು. ರಿಪಬ್ಲಿಕ್ ಜನವರಿ 24ರಂದು ಮುಳುಗಿದಾಗ ಅದರೊಡನೆ ಒಬ್ಬನೂ ಮುಳುಗಲಿಲ್ಲ.

ಮೂರು ವರ್ಷಗಳ ತರುವಾಯ, 1912ರ ಏಪ್ರಿಲ್‌ನಲ್ಲಿ, ‘ಟೈಟಾನಿಕ್’ ಹಡಗು ಹಿಮಗಡ್ಡೆಗೆ ಬಡಿದು ಹೀಗೆಯೇ ಕರೆಯಿತು. ಹತ್ತಿರದಲ್ಲಿದ್ದ ‘ಕ್ಯಾಲಿಫೋರ್ನಿಯನ್’ ಹಡಗಿನಲ್ಲಿ ನಿಸ್ತಂತು ಯಂತ್ರವಿತ್ತು. ಆದರೆ ಅದನ್ನು ನೋಡಿಕೊಳ್ಳುತ್ತಿದ್ದ ಒಬ್ಬನೇ ನೌಕರನು ದಿನದ ಕೆಲಸ ಮುಗಿಸಿ ಮಲಗಿದ್ದನು. ಕರೆ ಕೇಳಿ ದೂರದಿಂದ ಬಂದ ‘ಕಾರ್ಪೇಥಿಯಾ’ 700ಕ್ಕೂ ಹೆಚ್ಚು ಜನರನ್ನು ಉಳಿಸಿತು. ಸುಮಾರು 1,500 ಮಂದಿ ಕಡಲಿನ ಪಾಲಾದರು.

ಈ ದುರಂತದಿಂದ ಜಗತ್ತು ಪಾಠ ಕಲಿಯಿತು. ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಹಗಲಿರುಳೂ ಒಬ್ಬರು ಕಿವಿಗೊಟ್ಟು ಕುಳಿತಿರಬೇಕೆಂಬ ನಿಯಮವು 1914ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಸೇರಿತು. ಯಂತ್ರವು ಕರೆಯನ್ನು ಮುಟ್ಟಿಸಬಲ್ಲುದು. ಅದಕ್ಕೆ ಓಗೊಡಲು ಎಚ್ಚರವಾಗಿರುವ ಮನುಷ್ಯನೇ ಬೇಕು.

ಅಭ್ಯಾಸ
1. ಬಿನ್ಸನ ಕರ್ತವ್ಯನಿಷ್ಠೆಯನ್ನು ವಿವರಿಸಿರಿ.
2. ಯಂತ್ರವಿದ್ದರೂ ಕ್ಯಾಲಿಫೋರ್ನಿಯನ್ ಹಡಗು ನೆರವಾಗಲಿಲ್ಲವೇಕೆ?